ಮಗ್ಗುಲು ಬದಲಿಸಿದ ಹೊಳೆ

ದಾವಣಗೆರೆಗೆ ಹೊಳೆ ಇಲ್ಲ.
ಭದ್ರೆ ಬರುತ್ತಾಳೆ, ಚಾನಲ್ಲಿನಲ್ಲಿ, ಸರ್ಕಾರ ಹೇಳಿದ ದಿನ;
ತುಂಗಭದ್ರೆಯನ್ನು ನೋಡಬೇಕಾದರೆ ಹರಿಹರದ ಬಸ್ಸು ಹತ್ತಬೇಕು.
ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಕೂತು
ನಾನು ಮೂವತ್ತೊಂದು ವರ್ಷ ಹೊಲಿದದ್ದು
ಹತ್ತಿ ದಲಾಲರ ಖಾತೆ, ಕೋರ್ಟಿನ ಕಡತ,
ಪಿಯುಸಿ ಹುಡುಗರ ಗೈಡು.
ನೀರಿನ ಕೆಲಸ ಬಂದದ್ದು ಇದೇ ಮೊದಲು.

ತಂದವರು ಕೊಟ್ರಬಸಪ್ಪ ಡ್ರಾಯಿಂಗ್ ಮೇಷ್ಟ್ರು.
ಮುಚ್ಚಿದ ಮಿಲ್ಲಿನ ಬಂಗಲೆಯಿಂದ ರದ್ದಿಗೆ ಹೋಗುತ್ತಿತ್ತಂತೆ,
ಕೇಜಿಗೆ ಹನ್ನೆರಡರಂತೆ ತೂಗಿಸಿ
ಸೈಕಲ್ ಕ್ಯಾರಿಯರಿಗೆ ಟ್ಯೂಬಿನಲ್ಲಿ ಬಿಗಿದು ತಂದಿದ್ದರು.
ಬೆನ್ನು ಬಿಟ್ಟಿತ್ತು. ರಟ್ಟು ಹಪ್ಪಳ.
ಒಳಗೆ ಅರವತ್ತು ಚಿತ್ರ, ಅರವತ್ತರಲ್ಲೂ ಒಂದೇ ಹೊಳೆ:
ಯಾವುದೋ ದೇಶದ್ದು, ಹುಟ್ಟಿದಲ್ಲಿಂದ ಸಮುದ್ರದವರೆಗೆ,
ಸೇತುವೆ, ದೋಣಿ, ಮಂಜು, ಬಟ್ಟೆ ಒಗೆಯುವ ಹೆಂಗಸರು.
ಅವರು ಮಾತ್ರ ಹರಿಹರದವರ ಹಾಗೇ ಸೊಂಟ ಬಗ್ಗಿಸಿದ್ದರು.

"ಬರೆದವನು ಬಣ್ಣದಲ್ಲಿ ಬರೆದ, ದಸ್ತಗೀರಣ್ಣ," ಎಂದರು ಮೇಷ್ಟ್ರು,
"ಇನ್ನೊಬ್ಬ ಅದನ್ನು ತಾಮ್ರದಲ್ಲಿ ಕೆತ್ತಿದ."
ಮಗಳು ನಜ್ಮಾ ಕೆಳಗಿನ ಇರುವೆಯಕ್ಷರ ಓದಿದಳು:
ಎಡಕ್ಕೆ ಬಣ್ಣದವನ ಹೆಸರು, ಬಲಕ್ಕೆ ಉಳಿಯವನದು.
ಬಣ್ಣದವನದು ರಟ್ಟಿನ ಮೇಲೂ ಇತ್ತು, ಚಿನ್ನದಲ್ಲಿ.
ಉಳಿಯವನದು ಅಷ್ಟೇ, ಅಲ್ಲೇ.

ನನಗೆ ಬೇಕಾದವನು ಅವನು.
ಅವನು ಆ ಹೊಳೆಯನ್ನು ಕಂಡಿರಲಿಕ್ಕೂ ಇಲ್ಲ.
ಕಿಟಕಿಯ ಬಿಸಿಲಿಗೆ ತೆಳು ಕಾಗದ ಕಟ್ಟಿ,
ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು
ಎಡದ ಮರ ಬಲಕ್ಕೆ, ಬಲದ ದೋಣಿ ಎಡಕ್ಕೆ.
ಪಡುವಣಕ್ಕೆ ಹರಿಯುವುದನ್ನು ಮೂಡಣಕ್ಕೆ ಹರಿಸಿ ಕೆತ್ತಿದರೇ
ಕಾಗದದ ಮೇಲೆ ಅದು ಮಗ್ಗುಲು ಬದಲಿಸಿ
ಸರಿದಾರಿ ಹಿಡಿಯುವುದು.
ನೀಲಿಗೆ ಇಷ್ಟು ಗೆರೆ. ಹಸಿರಿಗೆ ಅಡ್ಡಗೆರೆ.
ನೀರಿನ ಮೇಲಿನ ಬಿಸಿಲಿಗೆ
ಏನೂ ಇಲ್ಲ: ಕೈ ಎತ್ತಿ ಬಿಟ್ಟದ್ದೇ ಬಿಸಿಲು.
ಬಿಡುವುದನ್ನು ಕಲಿಯಲು ಎಷ್ಟು ವರ್ಷ ಹಿಡಿಯಿತೋ.
ಅಂಚು ಕತ್ತರಿಸುವಾಗ ಬಿಡುವುದು ನನಗೂ ಗೊತ್ತು,
ಎರಡು ನೂಲಿನಷ್ಟು.

ಮೈದಾ ಕುದಿಸಿದೆ, ಮೈಲುತುತ್ತ ಹಾಕಿದೆ
(ಅದೂ ತಾಮ್ರವೇ ಅಬ್ಬಾ, ಅಂದಳು ನಜ್ಮಾ).
ಹುಳಕ್ಕೆ ವಿಷ.
ಆದರೆ ಹುಳ ಮೊದಲೇ ಬಂದು ಹೋಗಿತ್ತು:
ಮೊದಲ ಹಾಳೆಯ ಆಕಾಶದಲ್ಲಿ ಹೊಕ್ಕು
ಗುಡ್ಡ ಕೊರೆದು, ಚರ್ಚಿನ ಗೋಪುರ ದಾಟಿ, ನೀರಿಗಿಳಿದು
ನಲವತ್ತನೆಯ ಚಿತ್ರದ ಅಂಬಿಗನ ಟೋಪಿಯಲ್ಲಿ ಸತ್ತಿತ್ತು.
ಆ ಹೊಳೆಯಲ್ಲಿ ಅಷ್ಟು ದೂರ ಹೋದದ್ದು ಅದೊಂದೇ,
ಮಿಲ್ಲಿನ ಯಾವ ಸಾಹೇಬನೂ ಅಲ್ಲ.
ತೂತಿಗೆಲ್ಲ ತೇಪೆ ಹಾಕಿದೆ, ಸಾಸಿವೆಯಷ್ಟು ಸಾಸಿವೆಯಷ್ಟು ಕಾಗದ.
ಟೋಪಿಯದನ್ನು ಬಿಟ್ಟೆ.

ಇಪ್ಪತ್ತಮೂರನೆಯ ಚಿತ್ರ ಇರಲಿಲ್ಲ.
ಯಾರೋ ಬ್ಲೇಡಿನಲ್ಲಿ ಕೊಯ್ದು ಕಟ್ಟು ಹಾಕಿಸಿಕೊಂಡಿರಬೇಕು.
"ಖಾಲಿ ಹಾಳೆ ಸೇರಿಸಿಬಿಡಿ," ಎಂದಿದ್ದರು ಮೇಷ್ಟ್ರು.
ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ಹಾಳೆ, ಸೆರಗಿನ ಹಾಗೆ;
ಕದ್ದವನು ಚಿತ್ರ ಒಯ್ದ, ಸೆರಗು ಬಿಟ್ಟು ಹೋದ.
ಎಸೆಯಲೆಂದು ಎತ್ತಿದೆ.
ಬಲ್ಬಿನ ಬೆಳಕು ಹಾಯಿತು.

ಅದರಲ್ಲಿ ಹೊಳೆಯಿತ್ತು.
ಚಹಾ ಚೆಲ್ಲಿದ ಕಲೆಯ ಬಣ್ಣದ್ದು,
ನೂರಾರು ಮಳೆಗಾಲ ಮೈಗೆ ಮೈ ಒತ್ತಿ ಮಲಗಿ
ಮಸಿಯಿಂದ ಹೀರಿಕೊಂಡದ್ದು:
ಒಂದು ತಿರುವು, ಎರಡು ಕಮಾನು, ಒಂದು ಹಾಯಿ,
ಎಲ್ಲ ತಿರುಗುಮುರುಗು.
ಆಚೆ ನಿಂತ ನಜ್ಮಾಗೆ ಸರಿಯಾಗಿಯೇ ಕಂಡಿತು;
ನಾನು ಈಚೆಗೇ ನಿಂತೆ.
ಇದು ಕಾಗದದ ಹೊಳೆಯಲ್ಲ, ತಾಮ್ರದ್ದು.
ಉಳಿಯವನು ದಿನಾ ಬೆಳಿಗ್ಗೆ ಕಂಡದ್ದು,
ಕೊಂಡವರಿಗೆ ಯಾರಿಗೂ ಕಾಣದ ಮಗ್ಗುಲು.

ಖಾಲಿ ಹಾಳೆ ಹೊಲಿದೆ. ಮೇಲೆ ಸೆರಗು ಅಂಟಿಸಿದೆ,
ಅಂಚಿಗೆ ಮಾತ್ರ, ಒಂದು ಗೆರೆ ಮೈದಾ.
ಮೇಷ್ಟ್ರು ಮುನ್ನೂರೈವತ್ತು ಎಣಿಸಿದರು,
ಟ್ಯೂಬು ಬಿಗಿದರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮರೆಯಾದರು.
ಹೇಳಬೇಕೆಂದಿದ್ದೆ, ಹೇಳಲಿಲ್ಲ.
ಚಿತ್ರ ಬರೆಯುವ ಮನುಷ್ಯ, ಎಂದಾದರೂ ಬೆಳಕಿಗೆ ಹಿಡಿದಾರು.

ರಾತ್ರಿ ಹನ್ನೊಂದೂವರೆಗೆ ನಜ್ಮಾ ಕೂಗಿದಳು:
"ಅಬ್ಬಾ, ನಲ್ಲಿ ಬಂತು!"
ಎಂಟು ದಿನಕ್ಕೊಮ್ಮೆ, ಒಂದು ತಾಸು.
ಪ್ಲಾಸ್ಟಿಕ್ ಕೊಡ ಹಿಡಿದು ಸಾಲಿಗೆ ನಿಂತೆ.
ಬೆರಳ ಮೇಲಿನ ಮೈದಾ ಒಣಗಿ
ಸಣ್ಣ ಸಣ್ಣ ಗೆರೆಯಾಗಿ ಬಿರಿಯುತ್ತಿತ್ತು.